ಎಲಿಕ್ಸರ್ ಕಲಿಯುತ್ತಿದ್ದೇನೆ, ಪಾಸ್‌ವರ್ಡ್ ಸರಿಯಿದ್ದರೂ ಪೋಸ್ಟ್‌ಗ್ರೆಸ್ ಒಳಗೆ ಬಿಡುತ್ತಿಲ್ಲ

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ಜಾವಾ ಬರೆದವನು ನಾನು. ಹೊಸದೇನಾದರೂ ಕಲಿಯೋಣ ಅಂತ ಮೂರು ವಾರದಿಂದ, ಮಕ್ಕಳು ಮಲಗಿದ ಮೇಲೆ, ಎಲಿಕ್ಸರ್ ಅನ್ನೋ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ ಹಿಡಿದು ಕೂತಿದ್ದೇನೆ. ಪ್ಯಾಟರ್ನ್ ಮ್ಯಾಚಿಂಗ್, ಪೈಪ್, ರಿಕರ್ಶನ್ ಎಲ್ಲ ಒಂದು ಮಟ್ಟಿಗೆ ತಲೆಗೆ ಹೋಯಿತು. ಖುಷಿಯಲ್ಲಿ ಅದರ ವೆಬ್ ಫ್ರೇಮ್‌ವರ್ಕ್ ಆದ ಫೀನಿಕ್ಸ್‌ನಲ್ಲಿ ಒಂದು ಪ್ರಾಜೆಕ್ಟ್ ಶುರು ಮಾಡಿದೆ. ಖುಷಿ ಅಲ್ಲಿಗೆ ಮುಗಿಯಿತು.

ಡೇಟಾಬೇಸ್ ಹುಟ್ಟಿಸಲು ಮಿಕ್ಸ್ ಎಕ್ಟೋ.ಕ್ರಿಯೇಟ್ (ಎಕ್ಟೋ ಅಂದರೆ ಎಲಿಕ್ಸರ್‌ನ ಡೇಟಾಬೇಸ್ ಲೈಬ್ರರಿ) ಕೊಟ್ಟರೆ ಒಂದು ಪುಟ ಕೆಂಪು ಅಕ್ಷರ. ನಡುವೆ 'ಫೇಟಲ್ 28ಪಿ01, ಇನ್‌ವ್ಯಾಲಿಡ್ ಪಾಸ್‌ವರ್ಡ್' ಅಂತ. ಕೊನೆಯ ಸಾಲಿನಲ್ಲಿ 'ಡೇಟಾಬೇಸ್ ಕುಡಂಟ್ ಬಿ ಕ್ರಿಯೇಟೆಡ್: ಕಿಲ್ಡ್' ಅಂತ. ಯಾರು ಯಾರನ್ನು ಕೊಂದರೋ ಗೊತ್ತಿಲ್ಲ.

ಉಬುಂಟು 24.04. ಡೇಟಾಬೇಸ್ ಪೋಸ್ಟ್‌ಗ್ರೆಸ್ 16, ಆಪ್ಟ್ ಮೂಲಕ ಹಾಕಿದ್ದು. ಸುಡೋ ಹಾಕಿ ಪೋಸ್ಟ್‌ಗ್ರೆಸ್ ಯೂಸರ್ ಆಗಿ ಅದರ ಕಮಾಂಡ್ ಲೈನ್ ಪಿಎಸ್‌ಕ್ಯೂಎಲ್ ಕೊಟ್ಟರೆ ಸರಾಗವಾಗಿ ಒಳಗೆ ಹೋಗುತ್ತೇನೆ. ಅಲ್ಲೇ ಆಲ್ಟರ್ ಯೂಸರ್ ಮಾಡಿ ಪಾಸ್‌ವರ್ಡನ್ನು 'ಪೋಸ್ಟ್‌ಗ್ರೆಸ್' ಅಂತಲೇ ಇಟ್ಟೆ, ಮೂರು ಸಲ. ಪ್ರಾಜೆಕ್ಟ್‌ನ ಸೆಟ್ಟಿಂಗ್ ಇರುವ ಡೆವ್.ಇಎಕ್ಸ್‌ಎಸ್ ಫೈಲ್‌ನಲ್ಲೂ ಅದೇ ಇದೆ. ಎರಡು ರಾತ್ರಿ ಹೋಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಬ್ಯಾಡಗಿ_ಮೆಣಸು

ಡೆವ್.ಇಎಕ್ಸ್‌ಎಸ್‌ನಲ್ಲಿ ಪಾಸ್‌ವರ್ಡ್ ಸುತ್ತ ಸ್ಪೇಸ್ ಏನಾದರೂ ಸೇರಿದೆಯಾ ನೋಡಿ. ನನಗೊಮ್ಮೆ ಕಾಪಿ ಪೇಸ್ಟ್‌ನಲ್ಲಿ ಹಾಗಾಗಿತ್ತು.

ರಾತ್ರಿಪಾಳಿ

ಇಲ್ಲ. ಕೈಯಾರೆ ಅಕ್ಷರ ಅಕ್ಷರ ಟೈಪ್ ಮಾಡಿದೆ.

ಒಗ್ಗರಣೆ_ಅವಲಕ್ಕಿ

ಕಲಿಯೋಕೆ ತಾನೇ? ಪೋಸ್ಟ್‌ಗ್ರೆಸ್ ಯಾಕೆ ಬೇಕು? ಪ್ರಾಜೆಕ್ಟ್ ತೆಗೆಯುವಾಗಲೇ ಡೇಟಾಬೇಸ್ ಎಸ್‌ಕ್ಯೂಲೈಟ್3 ಅಂತ ಕೊಡಿ. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಪೋರ್ಟ್ ಇಲ್ಲ. ಒಂದು ಫೈಲ್ ಅಷ್ಟೇ. ರಾತ್ರಿ ನಿದ್ದೆನೂ ಬರುತ್ತದೆ.

ಹಳೇಹುಲಿ

ಅವಲಕ್ಕಿಯವರ ಮಾತು ತಪ್ಪಲ್ಲ. ಆದರೆ ಇವತ್ತು ತಪ್ಪಿಸಿಕೊಂಡ ಎರರ್ ನಾಳೆ ಆಫೀಸಿನಲ್ಲಿ ಎದುರಾಗುತ್ತದೆ. ಅವರು ಎರಡು ರಾತ್ರಿ ಕಳೆದಿದ್ದಾರೆ, ಮೂರನೆಯದನ್ನೂ ಕೊಡಲಿ ಬಿಡಿ.

ಮೊದಲು ಆ 'ಕಿಲ್ಡ್' ನೋಡಿ ಹೆದರಬೇಡಿ. ಸಂಪರ್ಕ ಮಾಡಲು ಎಕ್ಟೋ ಒಂದು ಪುಟ್ಟ ಪ್ರೊಸೆಸ್ ಹುಟ್ಟಿಸುತ್ತದೆ, ಕೆಲಸ ಆಗದೆ ಅದು ಸತ್ತಿತು, ಅದರ ಮರಣವಾರ್ತೆ ಅದು. ನಿಜವಾದ ಕಾರಣ ಯಾವಾಗಲೂ ಮೇಲಿನ ಸಾಲುಗಳಲ್ಲಿರುತ್ತದೆ. ಎಲಿಕ್ಸರ್ ನಿಂತಿರುವುದು ಎರ್ಲಾಂಗ್ ಮೇಲೆ, ಆ ಕುಟುಂಬದ ಎರರ್ ಓದುವುದು ಜಾವಾ ಸ್ಟ್ಯಾಕ್ ಟ್ರೇಸ್ ಓದಿದ ಹಾಗಲ್ಲ. ಮೊದಲನೇ ಸಾವು ಹುಡುಕಬೇಕು, ಕೊನೆಯದಲ್ಲ.

ರಾತ್ರಿಪಾಳಿ

'ಮೊದಲನೇ ಸಾವು ಹುಡುಕಬೇಕು'. ಪತ್ತೇದಾರಿ ಕಾದಂಬರಿ ಓದಿದ ಹಾಗಿದೆ ಸರ್.

ಮಳೆ_ಜೋರು

ಸುಲಭದ ದಾರಿ ಹೇಳಲಾ? ಯಾರನ್ನು ಹೇಗೆ ಒಳಗೆ ಬಿಡಬೇಕು ಅಂತ ಪೋಸ್ಟ್‌ಗ್ರೆಸ್‌ಗೆ ಹೇಳುವ ಪಿಜಿ_ಎಚ್‌ಬಿಎ.ಕಾನ್ಫ್ ಫೈಲ್ ತೆರೆಯಿರಿ, 127.0.0.1 ಸಾಲಿನಲ್ಲಿ ಸ್ಕ್ರ್ಯಾಮ್ (ಪಾಸ್‌ವರ್ಡ್ ಪರೀಕ್ಷೆ) ಅಂತ ಇರುವಲ್ಲಿ ಟ್ರಸ್ಟ್ ಅಂತ ಬರೆಯಿರಿ, ರೀಲೋಡ್ ಮಾಡಿ. ಪಾಸ್‌ವರ್ಡೇ ಕೇಳುವುದಿಲ್ಲ. ಮುಗಿಯಿತು.

ಬ್ಯಾಡಗಿ_ಮೆಣಸು

ಮಾರಾಯ್ರೇ, ಕೀಲಿ ಸಿಗಲಿಲ್ಲ ಅಂತ ಬಾಗಿಲನ್ನೇ ಕಿತ್ತು ಹಾಕಿ ಅನ್ನುತ್ತಿದ್ದೀರಲ್ಲ. ಇವತ್ತು ಲ್ಯಾಪ್‌ಟಾಪ್‌ನಲ್ಲಿ ಟ್ರಸ್ಟ್ ಹಾಕಿದವರು ನಾಳೆ ಸರ್ವರ್‌ನಲ್ಲೂ ಅದನ್ನೇ ಹಾಕುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಮಳೆ_ಜೋರು

ಸ್ವಂತ ಲ್ಯಾಪ್‌ಟಾಪ್, ಲೋಕಲ್‌ಹೋಸ್ಟ್ ಮಾತ್ರ. ಯಾರು ಬಂದು ಕದಿಯುತ್ತಾರೆ? ಇರುವುದೇ ಖಾಲಿ ಟೇಬಲ್.

ಬ್ಯಾಡಗಿ_ಮೆಣಸು

ಅಭ್ಯಾಸದ ಮಾತು ಹೇಳುತ್ತಿದ್ದೇನೆ. ಟೇಬಲ್‌ದಲ್ಲ.

ರಾತ್ರಿಪಾಳಿ

ಜಗಳ ಬೇಡ. ಟ್ರಸ್ಟ್ ಹಾಕಿ ನೋಡಿದೆ. ರೀಲೋಡ್ ಅಲ್ಲ, ರೀಸ್ಟಾರ್ಟೇ ಮಾಡಿದೆ. ಅದೇ ಎರರ್. ಅದೇ 28ಪಿ01. ಈಗ ಅಳು ಬರುತ್ತಿದೆ.

ಹಳೇಹುಲಿ

ಅಳಬೇಡಿ, ಇದು ಒಳ್ಳೆಯ ಸುದ್ದಿ. ಟ್ರಸ್ಟ್ ಇದ್ದರೆ ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಕೇಳುವುದೇ ಇಲ್ಲ. ಕೇಳದ ಪಾಸ್‌ವರ್ಡ್ ತಪ್ಪಾಗುವುದು ಹೇಗೆ? ಅಂದರೆ ನೀವು ಬಾಗಿಲು ತೆಗೆದಿಟ್ಟ ಮನೆ ಒಂದು, ಎಕ್ಟೋ ತಟ್ಟುತ್ತಿರುವ ಮನೆ ಇನ್ನೊಂದು.

ಗಮನಿಸಿ. ಸುಡೋ ಹಾಕಿ ಪಿಎಸ್‌ಕ್ಯೂಎಲ್ ಕೊಟ್ಟಾಗ ನೀವು ನೆಟ್‌ವರ್ಕ್ ಮೂಲಕ ಹೋಗುತ್ತಲೇ ಇಲ್ಲ. ಯುನಿಕ್ಸ್ ಸಾಕೆಟ್ ಅನ್ನೋ ಹಿತ್ತಿಲ ಬಾಗಿಲಿನಿಂದ ಹೋಗುತ್ತೀರಿ. ಅಲ್ಲಿ ಪೀರ್ ಅನ್ನುವ ಪದ್ಧತಿ. ಲಿನಕ್ಸ್ ಯೂಸರ್ ಹೆಸರು ಮತ್ತು ಡೇಟಾಬೇಸ್ ಯೂಸರ್ ಹೆಸರು ಒಂದೇ ಆಗಿದ್ದರೆ ಸುಮ್ನೆ ಬಿಡುತ್ತಾರೆ. ಎಕ್ಟೋ ಹೋಗುವುದು ಮುಂಬಾಗಿಲಿನಿಂದ, ಟಿಸಿಪಿ, ಲೋಕಲ್‌ಹೋಸ್ಟ್, 5432. 'ಪಿಎಸ್‌ಕ್ಯೂಎಲ್‌ನಲ್ಲಿ ಬರುತ್ತದೆ, ಪ್ರೋಗ್ರಾಂನಲ್ಲಿ ಬರುವುದಿಲ್ಲ' ಅಂತ ಯಾರೇ ಹೇಳಿದರೂ ನನ್ನ ಮೊದಲ ಅನುಮಾನ ಇದೇ.

ಎರಡು ಕೆಲಸ ಮಾಡಿ. ಒಂದು, ಪಿಎಸ್‌ಕ್ಯೂಎಲ್‌ಗೆ -ಎಚ್ ಲೋಕಲ್‌ಹೋಸ್ಟ್, -ಪಿ 5432, -ಯು ಪೋಸ್ಟ್‌ಗ್ರೆಸ್ ಅಂತ ಮೂರನ್ನೂ ಬಿಡಿಸಿ ಕೊಟ್ಟು ನೋಡಿ. ಇನ್ನೊಂದು, ಸಿಸ್ಟಮ್‌ಸಿಟಿಎಲ್‌ನಿಂದ ಪೋಸ್ಟ್‌ಗ್ರೆಸ್ ಪೂರ್ತಿ ನಿಲ್ಲಿಸಿ, ಆಮೇಲೆ ಮಿಕ್ಸ್ ಓಡಿಸಿ. 'ಕನೆಕ್ಷನ್ ರೆಫ್ಯೂಸ್ಡ್' ಅಂತ ಬರಬೇಕು. ಆಗಲೂ 'ಪಾಸ್‌ವರ್ಡ್ ತಪ್ಪು' ಅಂದರೆ ಒಳಗೆ ಬೇರೆ ಯಾರೋ ಕೂತಿದ್ದಾರೆ.

ಕಡಲೆಕಾಯಿ

ಪಾಪ್‌ಕಾರ್ನ್ ತಗೊಂಡು ಕೂತೆ.

ರಾತ್ರಿಪಾಳಿ

ಸರ್!! ಪೋಸ್ಟ್‌ಗ್ರೆಸ್ ನಿಲ್ಲಿಸಿದ ಮೇಲೂ 'ಪಾಸ್‌ವರ್ಡ್ ತಪ್ಪು' ಅಂತಲೇ ಬರುತ್ತಿದೆ! ಮೈ ಜುಂ ಅಂದಿತು. ಸತ್ತವರು ಮಾತಾಡಿದ ಹಾಗೆ.

ಹಳೇಹುಲಿ

ಪೋಸ್ಟ್‌ಗ್ರೆಸ್ ಮತ್ತೆ ಶುರು ಮಾಡಿ. ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್ ಕೊಟ್ಟು ಪೋರ್ಟ್ ಎಷ್ಟಿದೆ ಹೇಳಿ. ಆಮೇಲೆ ಸುಡೋ ಎಸ್‌ಎಸ್ -ಎಲ್‌ಟಿಎನ್‌ಪಿ ಕೊಟ್ಟು 5432ರ ಸಾಲಿನಲ್ಲಿ ಯಾವ ಪ್ರೊಸೆಸ್ ಹೆಸರಿದೆ ನೋಡಿ.

ರಾತ್ರಿಪಾಳಿ

ಕ್ಲಸ್ಟರ್ 16, ಮೇನ್, ಪೋರ್ಟ್ 5433.
5432ರಲ್ಲಿ ಕೂತಿರುವುದು ಡಾಕರ್-ಪ್ರಾಕ್ಸಿ.

ಈಗ ನೆನಪಾಯಿತು. ಎರಡು ವರ್ಷದ ಹಿಂದೆ ನೋಡ್ ಕಲಿಯುತ್ತೇನೆ ಅಂತ ಒಂದು ಕೋರ್ಸ್ ಶುರು ಮಾಡಿದ್ದೆ. ಅದರಲ್ಲಿ ಡಾಕರ್ ಕಂಪೋಸ್‌ನಲ್ಲಿ, ಅಂದರೆ ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಯೊಳಗೆ, ಇನ್ನೊಂದು ಪೋಸ್ಟ್‌ಗ್ರೆಸ್ ಎಬ್ಬಿಸಿದ್ದರು. 'ರೀಸ್ಟಾರ್ಟ್: ಆಲ್ವೇಸ್' ಬೇರೆ. ಕೋರ್ಸ್ ನಾಲ್ಕನೇ ಪಾಠಕ್ಕೆ ಬಿಟ್ಟೆ. ಆ ಕಂಟೇನರ್ ಮಾತ್ರ ಅವತ್ತಿನಿಂದ ಲ್ಯಾಪ್‌ಟಾಪ್ ಆನ್ ಮಾಡಿದಾಗೆಲ್ಲ ಎದ್ದು ಕೂರುತ್ತಿದೆ.

ಕಡಲೆಕಾಯಿ

ನಿಮಗಿಂತ ಆ ಕಂಟೇನರ್‌ಗೇ ಶಿಸ್ತು ಜಾಸ್ತಿ.

ಬ್ಯಾಡಗಿ_ಮೆಣಸು

ಅರ್ಥವಾಯಿತು. ಉಬುಂಟುನಲ್ಲಿ ಆಪ್ಟ್ ಮೂಲಕ ಪೋಸ್ಟ್‌ಗ್ರೆಸ್ ಹಾಕುವಾಗ 5432 ಖಾಲಿ ಇಲ್ಲದಿದ್ದರೆ ಅದು ತಕರಾರಿಲ್ಲದೆ ಮುಂದಿನ ಪೋರ್ಟ್‌ಗೆ ಹೋಗುತ್ತದೆ. ಉಬುಂಟುವಿನ ಪಿಎಸ್‌ಕ್ಯೂಎಲ್ ಕೂಡ ಜಾಣ. ಇರುವುದೊಂದೇ ಕ್ಲಸ್ಟರ್ ಆದರೆ ಪೋರ್ಟ್ ಹೇಳದಿದ್ದರೂ ತಾನೇ ಹುಡುಕಿಕೊಂಡು ಹೋಗುತ್ತದೆ. ಇಬ್ಬರೂ ಸೇರಿ ಒಳ್ಳೆಯದು ಮಾಡಲು ಹೋಗಿ ನಿಮ್ಮ ಎರಡು ರಾತ್ರಿ ತಿಂದರು.

ಅಂದ ಹಾಗೆ ಟ್ರಸ್ಟ್ ಹಾಕಿದ್ದನ್ನು ವಾಪಸ್ ಸ್ಕ್ರ್ಯಾಮ್ ಮಾಡಿ.

ಮಳೆ_ಜೋರು

ನನ್ನ ಟ್ರಸ್ಟ್‌ನಿಂದಲೇ ಕಳ್ಳ ಸಿಕ್ಕಿದ್ದು ಅಂತ ಯಾರಾದರೂ ಒಪ್ಪಿಕೊಳ್ಳಿ.

ರಾತ್ರಿಪಾಳಿ

ಒಪ್ಪಿದೆ ಸರ್. ಡೆವ್.ಇಎಕ್ಸ್‌ಎಸ್‌ನಲ್ಲಿ ಪೋರ್ಟ್: 5433 ಅಂತ ಒಂದು ಸಾಲು ಸೇರಿಸಿದೆ. ಡೇಟಾಬೇಸ್ ಆಯಿತು, ಸರ್ವರ್ ಎದ್ದಿತು, ಬ್ರೌಸರ್‌ನಲ್ಲಿ ಕಿತ್ತಳೆ ಹಕ್ಕಿ ಕಂಡಿತು. ಹಳೇಹುಲಿ ಸರ್‌ಗೆ ಒಂದು ಮಸಾಲೆ ದೋಸೆ ಬಾಕಿ.

ಈಗ ಎರಡನೇ ಪ್ರಶ್ನೆ. ಬೈಯಬೇಡಿ. ಜಾವಾದಲ್ಲಿ ಗೆಟ್ ಕನೆಕ್ಷನ್ ಅಂತ ತೆಗೆದುಕೊಳ್ಳುತ್ತೇವೆ, ಕೆಲಸ ಮುಗಿದರೆ ಕ್ಲೋಸ್ ಮಾಡುತ್ತೇವೆ. ಇಲ್ಲಿ ರೆಪೋ.ಆಲ್ ಅಂತ ಕರೆದರೆ ಸಾಕು. ಕನೆಕ್ಷನ್ ಎಲ್ಲಿದೆ? ಯಾರ ಕೈಯಲ್ಲಿದೆ? ಏನೂ ಬದಲಾಗುವುದಿಲ್ಲ, ಎಲ್ಲ ಇಮ್ಯೂಟಬಲ್ ಅಂತ ಮೂರು ವಾರ ಹೇಳಿಕೊಟ್ಟರು. ಇದು ನೋಡಿದರೆ ಗ್ಲೋಬಲ್ ವೇರಿಯಬಲ್ ಇದ್ದ ಹಾಗಿದೆ, ಅಲ್ವಾ?

ಹಳೇಹುಲಿ

ಒಳ್ಳೆಯ ಪ್ರಶ್ನೆ, ಬೈಯುವುದು ಯಾಕೆ?

ಡೇಟಾ ಬದಲಾಗುವುದಿಲ್ಲ, ನಿಜ. ಬದಲಾಗುವ ಸಂಗತಿಗಳನ್ನೆಲ್ಲ ಪ್ರೊಸೆಸ್‌ಗಳ ಹೊಟ್ಟೆಯಲ್ಲಿ ಇಡುತ್ತಾರೆ. ಪ್ರತಿ ಡೇಟಾಬೇಸ್ ಕನೆಕ್ಷನ್ ಕೂಡ ಒಂದು ಎರ್ಲಾಂಗ್ ಪ್ರೊಸೆಸ್. ಅಂಥವು ಹತ್ತು ಸೇರಿ ಒಂದು ಪೂಲ್. ನಿಮ್ಮ ಜಾವಾದ ಹಿಕಾರಿ ಪೂಲ್‌ನಲ್ಲೂ ಪೂರ್ವನಿಯೋಜಿತ ಸಂಖ್ಯೆ ಹತ್ತೇ. 'ರೆಪೋ' ಅನ್ನುವುದು ಆ ಪೂಲ್‌ನ ಹೆಸರು, ಆಫೀಸಿನ ಬೋರ್ಡ್ ಇದ್ದ ಹಾಗೆ. ನೀವು ರೆಪೋ.ಆಲ್ ಅಂದಾಗ ಬಿಡುವಾಗಿರುವ ಒಂದು ಕನೆಕ್ಷನ್ ನಿಮಗೆ ಸಿಗುತ್ತದೆ, ಕೆಲಸ ಮುಗಿದ ಕೂಡಲೇ ವಾಪಸ್ ಹೋಗುತ್ತದೆ.

ಇನ್ನೊಂದು ವಿಷಯ ಹೊಸಬರನ್ನು ದಾರಿ ತಪ್ಪಿಸುತ್ತದೆ. ಡೇಟಾಬೇಸ್ ಸತ್ತಿದ್ದರೂ ನಿಮ್ಮ ಆಪ್ ಎದ್ದು ನಿಲ್ಲುತ್ತದೆ. ಕನೆಕ್ಷನ್ ಪ್ರೊಸೆಸ್‌ಗಳು ಸಿಗದಿದ್ದರೆ ಸ್ವಲ್ಪ ಕಾಯುತ್ತವೆ, ಮತ್ತೆ ಯತ್ನಿಸುತ್ತವೆ, ಕಾಯುವ ಹೊತ್ತನ್ನು ಒಂದು ಸೆಕೆಂಡಿನಿಂದ ಮೂವತ್ತು ಸೆಕೆಂಡಿನವರೆಗೆ ಹಿಗ್ಗಿಸುತ್ತ ಹೋಗುತ್ತವೆ. ಅದಕ್ಕೇ ಅದೇ ಎರರ್ ಹತ್ತು ಸಲ, ಇಪ್ಪತ್ತು ಸಲ ಪರದೆ ಮೇಲೆ ಸುರಿಯುತ್ತದೆ. ಇಪ್ಪತ್ತು ತಪ್ಪುಗಳಲ್ಲ, ಒಂದೇ ತಪ್ಪು, ಹತ್ತು ಬಾಯಿ. ಪೋಸ್ಟ್‌ಗ್ರೆಸ್ ಎದ್ದ ಮೇಲೆ ಆಪ್ ರೀಸ್ಟಾರ್ಟ್ ಮಾಡುವ ಅಗತ್ಯವೂ ಇಲ್ಲ, ತಾವೇ ಹೋಗಿ ಸೇರಿಕೊಳ್ಳುತ್ತವೆ.

ಶುದ್ಧಹಸ್ತ

ಇನ್ನೊಂದು ಫಂಕ್ಷನಲ್ ಭಾಷೆಯಾದ ಹ್ಯಾಸ್ಕೆಲ್ ಕಡೆಯಿಂದ ಒಂದು ಮಾತು. ರಾತ್ರಿಪಾಳಿಯವರ ಅನುಮಾನ ಸರಿಯೇ ಇದೆ. ರೆಪೋ ಅನ್ನುವುದು ಅಡಗಿಸಿಟ್ಟ ಗ್ಲೋಬಲ್. ನಮ್ಮಲ್ಲಿ ಕನೆಕ್ಷನ್ ಬೇಕಾದ ಫಂಕ್ಷನ್‌ಗೆ ಕನೆಕ್ಷನ್ನನ್ನು ಕೈಯಾರೆ ಕೊಡಬೇಕು, ಟೈಪ್‌ನಲ್ಲಿ ಐಓ ಅಂತ ಕಾಣಬೇಕು. ಯಾವ ಫಂಕ್ಷನ್ ಡೇಟಾಬೇಸ್ ಮುಟ್ಟುತ್ತದೆ ಅಂತ ಸಹಿ ನೋಡಿದರೇ ಗೊತ್ತಾಗುತ್ತದೆ. ಎಲಿಕ್ಸರ್‌ನದು ಅರ್ಧ ಫಂಕ್ಷನಲ್.

ಒಗ್ಗರಣೆ_ಅವಲಕ್ಕಿ

ಬಂದರಪ್ಪ. ನಿಮ್ಮ ಪೂರ್ತಿ ಫಂಕ್ಷನಲ್‌ನಲ್ಲಿ ಪೋಸ್ಟ್‌ಗ್ರೆಸ್ ಲೈಬ್ರರಿ ಕಂಪೈಲ್ ಮಾಡಲು ನನಗೆ ಒಂದು ಭಾನುವಾರ ಬೇಕಾಯಿತು. 'ಪಿಜಿ_ಕಾನ್ಫಿಗ್ ಸಿಗಲಿಲ್ಲ' ಅಂತ. ಕನೆಕ್ಟ್ ಆಗುವುದು ಆಮೇಲಿನ ಮಾತು, ಬಿಲ್ಡೇ ಆಗಲಿಲ್ಲ.

ಶುದ್ಧಹಸ್ತ

ಅದು ಹ್ಯಾಸ್ಕೆಲ್ ತಪ್ಪಲ್ಲ. ಆ ಲೈಬ್ರರಿ ಸಿ ಭಾಷೆಯ ಲಿಬ್‌ಪಿಕ್ಯೂ ಮೇಲೆ ನಿಂತಿದೆ. ಲಿಬ್‌ಪಿಕ್ಯೂ-ಡೆವ್ ಪ್ಯಾಕೇಜ್ ಹಾಕಿದರೆ ಐದು ನಿಮಿಷದ ಕೆಲಸ.

ಒಗ್ಗರಣೆ_ಅವಲಕ್ಕಿ

ಆ ಐದು ನಿಮಿಷದ ಕೆಲಸ ಗೊತ್ತಾಗಲು ಐದು ಗಂಟೆ. ಎಲಿಕ್ಸರ್‌ನ ಪೋಸ್ಟ್‌ಗ್ರೆಕ್ಸ್ ಪೂರ್ತಿ ಎಲಿಕ್ಸರ್‌ನಲ್ಲೇ ಬರೆದದ್ದು. ಸಿ ಲೈಬ್ರರಿ ಬೇಡವೇ ಬೇಡ. ಅರ್ಧ ಫಂಕ್ಷನಲ್ ಆದರೂ ಪೂರ್ತಿ ಊಟ.

ತುಂಗೆ_ತೀರ

ಜಗಳದ ನಡುವೆ ನನ್ನದೊಂದು. ನಾನು ಕ್ಲೋಜರ್ ಕಲಿಯುವಾಗ ಆದದ್ದು. ಫಂಕ್ಷನಲ್ ಭಾಷೆ ಕಲಿಯುವವರು ಇದನ್ನು ಒಂದು ಸಲವಾದರೂ ಅನುಭವಿಸಿಯೇ ತೀರುತ್ತಾರೆ ಅನ್ನಿಸುತ್ತದೆ.

ಕನೆಕ್ಷನ್ ತೆಗೆದೆ, ವಿತ್-ಓಪನ್ ಒಳಗೆ ಕ್ವೆರಿ ಮಾಡಿದೆ, ಬಂದ ಸಾಲುಗಳ ಮೇಲೆ ಮ್ಯಾಪ್ ಹಾಕಿ ಹೊರಗೆ ಕಳಿಸಿದೆ. ಹೊರಗೆ ಬಂದು ಪ್ರಿಂಟ್ ಮಾಡಿದರೆ 'ರಿಸಲ್ಟ್‌ಸೆಟ್ ಕ್ಲೋಸ್ಡ್'. ಕನೆಕ್ಷನ್ ಚೆನ್ನಾಗಿದೆ, ಪಾಸ್‌ವರ್ಡ್ ಸರಿಯಿದೆ, ಕ್ವೆರಿ ಸರಿಯಿದೆ. ಒಂದು ದಿನ ಪೂರ್ತಿ ನೆಟ್‌ವರ್ಕ್ ದೂರುತ್ತ ಕೂತೆ.

ತಪ್ಪು ಎಲ್ಲಿತ್ತು ಗೊತ್ತಾ? ಕ್ಲೋಜರ್‌ನ ಮ್ಯಾಪ್ ಸೋಮಾರಿ. ಕೇಳುವವರೆಗೆ ಕೆಲಸ ಮಾಡುವುದಿಲ್ಲ. ವಿತ್-ಓಪನ್ ಮುಗಿದು ಕನೆಕ್ಷನ್ ಮುಚ್ಚಿದ ಮೇಲೆ ನಾನು ಪ್ರಿಂಟ್ ಅಂದೆ, ಆಗ ಅದು ನಿಧಾನವಾಗಿ ಎದ್ದು ಸಾಲು ತರಲು ಹೋಯಿತು. ಅಂಗಡಿ ಬಾಗಿಲು ಹಾಕಿ ಆಗಿತ್ತು. ಮ್ಯಾಪ್ ಬದಲು ಮ್ಯಾಪ್‌ವಿ ಹಾಕಿದೆ, ಡೂಆಲ್ ಹಾಕಿದರೂ ಆಗುತ್ತದೆ, ಬಾಗಿಲು ಮುಚ್ಚುವ ಮೊದಲೇ ಎಲ್ಲ ಸಾಮಾನು ಕೈಗೆ ಬಂತು.

ವಿಚಿತ್ರ ಅಂದರೆ ಆರ್‌ಇಪಿಎಲ್‌ನಲ್ಲಿ (ಕೋಡನ್ನು ಸಾಲು ಸಾಲಾಗಿ ಓಡಿಸಿ ನೋಡುವ ಜಾಗ) ಪ್ರಯತ್ನಿಸುವಾಗ ನಡುವೆ ಪ್ರಿಂಟ್ ಹಾಕಿದ್ದೆ, ಆಗ ಸರಿಯಾಗಿ ಬರುತ್ತಿತ್ತು! ಪ್ರಿಂಟ್ ತೆಗೆದರೆ ಕೆಡುತ್ತಿತ್ತು. ಭೂತ ಚೇಷ್ಟೆ ಅಂದುಕೊಂಡಿದ್ದೆ.

ಶುದ್ಧಹಸ್ತ

ಹ್ಹ, ಹ್ಯಾಸ್ಕೆಲ್‌ನ ಹಳೆಯ ಎಚ್‌ಡಿಬಿಸಿಯಲ್ಲೂ ಇದೇ ಕಥೆ. ಕ್ವಿಕ್‌ಕ್ವೆರಿ ಸೋಮಾರಿ, ಅದರ ಪಕ್ಕದಲ್ಲೇ ಒಂದು ಪ್ರೈಮ್ ಗುರುತು ಹಾಕಿದ ಕ್ವಿಕ್‌ಕ್ವೆರಿ ಚುರುಕು. ಒಂದು ಚುಕ್ಕೆಯಷ್ಟು ವ್ಯತ್ಯಾಸ. ಇದನ್ನು ಮಾತ್ರ ಒಪ್ಪುತ್ತೇನೆ, ಶುದ್ಧತೆ ನಮ್ಮನ್ನು ಇದರಿಂದ ಕಾಪಾಡಲಿಲ್ಲ.

ರಾತ್ರಿಪಾಳಿ

ಎಲಿಕ್ಸರ್‌ನಲ್ಲೂ ಹೀಗಾಗುತ್ತದಾ?

ಹಳೇಹುಲಿ

ಎನಮ್ ಚುರುಕು, ಸ್ಟ್ರೀಮ್ ಸೋಮಾರಿ. ರೆಪೋ.ಆಲ್ ಎಲ್ಲವನ್ನೂ ಒಟ್ಟಿಗೆ ತಂದು ಸುರಿಯುತ್ತದೆ, ಭಯವಿಲ್ಲ. ರೆಪೋ.ಸ್ಟ್ರೀಮ್ ಮಾತ್ರ ಟ್ರಾನ್ಸಾಕ್ಷನ್ ಒಳಗೇ ಓಡಬೇಕು, ಇಲ್ಲದಿದ್ದರೆ ಬೈದು ಕಳಿಸುತ್ತದೆ.

ನಮ್ಮಲ್ಲಿ ಎಡವುವ ಜಾಗ ಬೇರೆ. ಟ್ರಾನ್ಸಾಕ್ಷನ್ ಒಳಗೆ ಟಾಸ್ಕ್.ಅಸಿಂಕ್ ಹಾಕಿ ಅದರಲ್ಲಿ ಇನ್ಸರ್ಟ್ ಮಾಡುತ್ತಾರೆ. ರೋಲ್‌ಬ್ಯಾಕ್ ಆಗಿ ಉಳಿದದ್ದೆಲ್ಲ ರದ್ದಾದರೂ ಆ ಸಾಲು ಟೇಬಲ್‌ನಲ್ಲಿ ಉಳಿಯುತ್ತದೆ. ಯಾಕೆಂದರೆ ಟ್ರಾನ್ಸಾಕ್ಷನ್ ಕಟ್ಟಿಕೊಂಡಿರುವುದು ಆ ಒಂದು ಪ್ರೊಸೆಸ್‌ಗೆ. ಟಾಸ್ಕ್ ಹೊಸ ಪ್ರೊಸೆಸ್, ಪೂಲ್‌ನಿಂದ ಇನ್ನೊಂದು ಕನೆಕ್ಷನ್ ತೆಗೆದುಕೊಂಡು ತನ್ನ ಪಾಡಿಗೆ ಬರೆಯುತ್ತದೆ. ಶುದ್ಧಹಸ್ತರು ಹೇಳಿದ ಅಡಗಿಸಿಟ್ಟ ಗ್ಲೋಬಲ್‌ಗೆ ನಾವು ಕೊಡುವ ಬೆಲೆ ಇದು.

ಶುದ್ಧಹಸ್ತ

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಕಾಫಿತೋಟ

ಟೆಸ್ಟ್ ಬರೆಯುವಾಗಲೂ ಇದೇ ಕಾರಣಕ್ಕೆ 'ಕೆನಾಟ್ ಫೈಂಡ್ ಓನರ್‌ಶಿಪ್ ಪ್ರೊಸೆಸ್' ಅಂತ ಬರುತ್ತದೆ. ಸ್ಯಾಂಡ್‌ಬಾಕ್ಸ್‌ನಲ್ಲಿ ಕನೆಕ್ಷನ್‌ಗೆ ಒಬ್ಬ ಯಜಮಾನ ಇರುತ್ತಾನೆ, ಟೆಸ್ಟ್ ಪ್ರೊಸೆಸ್. ಬೇರೆ ಪ್ರೊಸೆಸ್ ಬಂದು ಕೇಳಿದರೆ ನೀನು ಯಾರಪ್ಪ ಅನ್ನುತ್ತದೆ. ಅಲೌ ಅಂತ ಅನುಮತಿ ಕೊಡಬೇಕು.

ನಾನಿರುವುದು ಸಕಲೇಶಪುರದ ಹತ್ತಿರ. ಇಲ್ಲಿನ ತೊಂದರೆ ಬೇರೆ ಥರ. ಜುಲೈನಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ. ಮನೆಯಲ್ಲಿ ಹಳೇ ಮ್ಯಾಕ್ ಮಿನಿ ಇದೆ, ಹೋಮ್‌ಬ್ರೂ ಪೋಸ್ಟ್‌ಗ್ರೆಸ್. ಪಟ್ಟಂತ ಕರೆಂಟ್ ಹೋಗಿ ಬಂದ ಮೇಲೆ 'ಕನೆಕ್ಷನ್ ರೆಫ್ಯೂಸ್ಡ್'. ಲಾಗ್ ನೋಡಿದರೆ 'ಲಾಕ್ ಫೈಲ್ ಪೋಸ್ಟ್‌ಮಾಸ್ಟರ್.ಪಿಐಡಿ ಆಲ್ರೆಡಿ ಎಕ್ಸಿಸ್ಟ್ಸ್'. ಹಿಂದಿನ ಜನ್ಮದ ಪಿಐಡಿ (ಪ್ರೊಸೆಸ್ ನಂಬರ್) ಫೈಲ್ ಹಾಗೇ ಉಳಿದಿರುತ್ತದೆ. ಈಗ ಅದೇ ನಂಬರ್ ಬೇರೆ ಯಾವುದೋ ಪ್ರೊಸೆಸ್‌ಗೆ ಸಿಕ್ಕಿರುತ್ತದೆ. ಪೋಸ್ಟ್‌ಗ್ರೆಸ್ ಅದನ್ನು ನೋಡಿ ನಾನು ಆಗಲೇ ಓಡುತ್ತಿದ್ದೇನೆ ಅಂದುಕೊಳ್ಳುತ್ತದೆ. ನಿಜವಾಗಿಯೂ ಪೋಸ್ಟ್‌ಗ್ರೆಸ್ ಓಡುತ್ತಿಲ್ಲ ಅಂತ ಖಚಿತ ಮಾಡಿಕೊಂಡು ಆ ಫೈಲ್ ತೆಗೆದರೆ ಏಳುತ್ತದೆ. ಖಚಿತ ಮಾಡಿಕೊಳ್ಳದೆ ತೆಗೆದರೆ ಡೇಟಾ ಹಾಳಾಗಬಹುದು, ಹುಷಾರು.

ಬ್ಯಾಡಗಿ_ಮೆಣಸು

ಮ್ಯಾಕ್‌ನವರಿಗೆ ಇನ್ನೊಂದು. ಹೋಮ್‌ಬ್ರೂನಲ್ಲಿ ಹಾಕಿದರೆ 'ಪೋಸ್ಟ್‌ಗ್ರೆಸ್' ಅನ್ನುವ ರೋಲೇ ಇರುವುದಿಲ್ಲ. ನಿಮ್ಮ ಮ್ಯಾಕ್ ಯೂಸರ್ ಹೆಸರೇ ಅಲ್ಲಿ ಸೂಪರ್‌ಯೂಸರ್. ಫೀನಿಕ್ಸ್ ಬರೆದುಕೊಟ್ಟ ಡೆವ್.ಇಎಕ್ಸ್‌ಎಸ್ ಇಟ್ಟುಕೊಂಡರೆ 'ರೋಲ್ ಪೋಸ್ಟ್‌ಗ್ರೆಸ್ ಡಸ್ ನಾಟ್ ಎಕ್ಸಿಸ್ಟ್'. ಅದು ಪಾಸ್‌ವರ್ಡ್ ತಪ್ಪಲ್ಲ, ಆ ಹೆಸರಿನವರೇ ಮನೆಯಲ್ಲಿಲ್ಲ.

ಕಾಫಿತೋಟ

ಇನ್ವರ್ಟರ್ ತಗೊಂಡೆ ಈಗ. ಡೇಟಾಬೇಸ್‌ಗಾಗಿ ಅಂದರೆ ಮನೆಯಲ್ಲಿ ಒಪ್ಪುತ್ತಿರಲಿಲ್ಲ, ಮಿಕ್ಸಿಗೆ ಅಂದೆ.

ಕಡಲೆಕಾಯಿ

ಇನ್ವರ್ಟರ್‌ನಲ್ಲಿ ಮಿಕ್ಸಿ ಓಡಿಸಿದಿರಾ?

ಕಾಫಿತೋಟ

ಒಂದೇ ಸಲ.

ಸಾಗರದಾಚೆ

ಜರ್ಮನಿಯಿಂದ ಬರೆಯುತ್ತಿದ್ದೇನೆ. 2023ರಲ್ಲಿ ಎರ್ಲಾಂಗ್‌ನ ಹೊಸ ಆವೃತ್ತಿ ಓಟಿಪಿ 26 ಬಂದಾಗ ನಮ್ಮ ತಂಡಕ್ಕೆ ಆದದ್ದು. ಒಂದು ಸಾಲು ಕೋಡ್ ಬದಲಾಯಿಸದೆ ಅಪ್‌ಗ್ರೇಡ್ ಮಾಡಿದೆವು, ಕ್ಲೌಡ್‌ನಲ್ಲಿದ್ದ ಡೇಟಾಬೇಸ್‌ಗೆ ಕನೆಕ್ಷನ್ ನಿಂತೇ ಹೋಯಿತು. ಮೊದಲೆಲ್ಲ ಎಸ್‌ಎಸ್‌ಎಲ್: ಟ್ರೂ ಅಂತ ಬರೆದರೆ ಸಾಕಿತ್ತು, ಎದುರಿನವರ ಸರ್ಟಿಫಿಕೇಟ್ ಯಾರೂ ಪರೀಕ್ಷಿಸುತ್ತಿರಲಿಲ್ಲ. ಓಟಿಪಿ 26ರಿಂದ ಪರೀಕ್ಷಿಸುವುದೇ ರೂಢಿ. ಯಾವ ಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆ) ನಂಬಬೇಕು ಅಂತ ನಾವು ಹೇಳಿರಲಿಲ್ಲ. ಸಿಎ ಸರ್ಟಿಫಿಕೇಟ್ ಕೊಟ್ಟ ಮೇಲೆ ಸರಿಹೋಯಿತು. ಕೆಲವರು ವೆರಿಫೈ ನನ್ ಅಂತ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದು ಮಳೆ_ಜೋರು ಅವರ ಟ್ರಸ್ಟ್‌ನ ದೊಡ್ಡಣ್ಣ.

ಮಳೆ_ಜೋರು

ನನ್ನನ್ನು ಬಿಡುವುದಿಲ್ಲ ನೀವು.

ಗಡಿಬಿಡಿ_ಗುಂಡ

ಹೊಸಬ ನಾನೂ. ಫೀನಿಕ್ಸ್ ಅಲ್ಲ, ಬರೀ ಮಿಕ್ಸ್ ನ್ಯೂ ಮಾಡಿ ಎಕ್ಟೋ ಸೇರಿಸಿದೆ. 'ಕುಡ್ ನಾಟ್ ಲುಕಪ್ ಎಕ್ಟೋ ರೆಪೋ, ಬಿಕಾಸ್ ಇಟ್ ವಾಸ್ ನಾಟ್ ಸ್ಟಾರ್ಟೆಡ್' ಅಂತ ಬರುತ್ತದೆ. ಪೋಸ್ಟ್‌ಗ್ರೆಸ್ ಓಡುತ್ತಿದೆ, ಸ್ಟಾರ್ಟ್ ಆಗಿಲ್ಲ ಅಂತ ಯಾಕೆ?

ಕಾಫಿತೋಟ

ಸ್ಟಾರ್ಟ್ ಆಗದೇ ಇರುವುದು ಪೋಸ್ಟ್‌ಗ್ರೆಸ್ ಅಲ್ಲ, ನಿಮ್ಮ ರೆಪೋ ಪ್ರೊಸೆಸ್. ಅಪ್ಲಿಕೇಶನ್ ಮಾಡ್ಯೂಲ್‌ನಲ್ಲಿ ಚಿಲ್ಡ್ರನ್ ಪಟ್ಟಿ ಇರುತ್ತದೆ, ಅದರಲ್ಲಿ ರೆಪೋ ಸೇರಿಸಿ. ಮಿಕ್ಸ್ ನ್ಯೂ ಮಾಡುವಾಗ --ಸಪ್ ಕೊಟ್ಟಿಲ್ಲದಿದ್ದರೆ ಆ ಮಾಡ್ಯೂಲೇ ಇರುವುದಿಲ್ಲ. ಆಗ ಅದನ್ನು ಬರೆದು, ಮಿಕ್ಸ್.ಇಎಕ್ಸ್‌ಎಸ್‌ನಲ್ಲಿ ಮಾಡ್ ಅಂತ ಅದರ ಹೆಸರು ಹೇಳಬೇಕು. ಫೀನಿಕ್ಸ್ ಇದನ್ನೆಲ್ಲ ತಾನೇ ಮಾಡಿಕೊಡುತ್ತದೆ, ಅದಕ್ಕೇ ಯಾರಿಗೂ ಗೊತ್ತಿರುವುದಿಲ್ಲ.

ಗಡಿಬಿಡಿ_ಗುಂಡ

ಬಂತು ಬಂತು! ಥ್ಯಾಂಕ್ಸ್ ಅಣ್ಣ.

ಕಾಫಿತೋಟ

ಅಕ್ಕ.

ಗಡಿಬಿಡಿ_ಗುಂಡ

ಕ್ಷಮಿಸಿ ಅಕ್ಕ 🙏

ತುಂಗೆ_ತೀರ

ಪಾಸ್‌ವರ್ಡ್ ವಿಷಯ ಬಂದದ್ದಕ್ಕೆ ಇನ್ನೊಂದು. ಡೇಟಾಬೇಸ್ ಯುಆರ್‌ಎಲ್‌ನಲ್ಲಿ ಪಾಸ್‌ವರ್ಡ್ ಬರೆಯುವವರು @ ಗುರುತು ಇಟ್ಟುಕೊಳ್ಳಬೇಡಿ. ಯುಆರ್‌ಎಲ್‌ನಲ್ಲಿ @ ಆದ ಮೇಲೆ ಬರುವುದು ಹೋಸ್ಟ್ ಹೆಸರು. ಪಾಸ್‌ವರ್ಡ್‌ನ ಬಾಲವನ್ನು ಹೋಸ್ಟ್ ಅಂದುಕೊಂಡು ಹುಡುಕಲು ಹೋಗಿ, ಎಲ್ಲೂ ಸಿಗದೆ, ಎನ್‌ಎಕ್ಸ್‌ಡೊಮೇನ್ ಅಂತ ವಾಪಸ್ ಬರಬಹುದು. ಇಟ್ಟುಕೊಳ್ಳಲೇಬೇಕಾದರೆ %40 ಅಂತ ಬರೆಯಬೇಕು. # ಇದ್ದರೆ %23.

ಬ್ಯಾಡಗಿ_ಮೆಣಸು

ಡಾಕರ್‌ನವರಿಗೂ ಹೇಳಿಬಿಡುತ್ತೇನೆ. ಕಂಪೋಸ್ ಫೈಲ್‌ನಲ್ಲಿ ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಬದಲಾಯಿಸಿದರೆ ಏನೂ ಆಗುವುದಿಲ್ಲ. ಡೇಟಾ ಫೋಲ್ಡರ್ ಖಾಲಿ ಇದ್ದಾಗ, ಅಂದರೆ ಮೊದಲ ಸಲ ಏಳುವಾಗ ಮಾತ್ರ ಅದನ್ನು ಓದುತ್ತದೆ. ಹಳೇ ವಾಲ್ಯೂಮ್ ಇದ್ದರೆ ಹಳೇ ಪಾಸ್‌ವರ್ಡೇ. ಮತ್ತೆ, ನಿಮ್ಮ ಆಪ್ ಕೂಡ ಕಂಟೇನರ್ ಒಳಗಿದ್ದರೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ, ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಹೋಸ್ಟ್ ಜಾಗದಲ್ಲಿ ಸರ್ವಿಸ್ ಹೆಸರು ಕೊಡಿ.

ರಾತ್ರಿಪಾಳಿಯವರೇ, ಆ ಹಳೇ ಕಂಟೇನರ್ ತೆಗೆಯುವಾಗ ಡೌನ್ ಜೊತೆ -ವಿ ಹಾಕಬೇಡಿ. ವಾಲ್ಯೂಮ್ ಸಮೇತ ಹೋಗುತ್ತದೆ. ಒಳಗೆ ಏನಿದೆ ಅಂತ ಮೊದಲು ನೋಡಿ.

ಸಂಜೆ_ಬಸ್ಸು

ನನ್ನ ಆಫೀಸಿನಲ್ಲಿ ರೆಫ್ಯೂಸ್ಡ್ ಬರುವುದಿಲ್ಲ, ಟೈಮ್‌ಔಟ್ ಬರುತ್ತದೆ. ಮನೆಯಿಂದ ಸರಿಯಾಗಿ ಬರುತ್ತದೆ. ಎರಡಕ್ಕೂ ಏನು ವ್ಯತ್ಯಾಸ?

ಹಳೇಹುಲಿ

ರೆಫ್ಯೂಸ್ಡ್ ಅಂದರೆ ಯಂತ್ರ ಸಿಕ್ಕಿತು, ಆ ಪೋರ್ಟ್‌ನಲ್ಲಿ ಯಾರೂ ಕಿವಿಗೊಟ್ಟು ಕೂತಿಲ್ಲ ಅಂತ ಅದೇ ಹೇಳಿ ಕಳಿಸಿತು. ಟೈಮ್‌ಔಟ್ ಅಂದರೆ ಕೂಗಿದ್ದಕ್ಕೆ ಉತ್ತರವೇ ಇಲ್ಲ. ಸಾಮಾನ್ಯವಾಗಿ ನಡುವೆ ಫೈರ್‌ವಾಲ್ ಕೂತು ನಿಮ್ಮ ಮಾತನ್ನು ನುಂಗಿರುತ್ತದೆ. ಆಫೀಸಿನವರು 5432 ಹೊರಗೆ ಬಿಡುತ್ತಿಲ್ಲ ಅನ್ನಿಸುತ್ತದೆ. ಕೋಡ್ ಮುಟ್ಟಬೇಡಿ, ನೆಟ್‌ವರ್ಕ್‌ನವರನ್ನು ಕೇಳಿ.

ಸಂಜೆ_ಬಸ್ಸು

ನೆಟ್‌ವರ್ಕ್‌ನವರಿಗೆ ಟಿಕೆಟ್ ಹಾಕಿ ಹನ್ನೊಂದು ದಿನ. ಅವರದೂ ಟೈಮ್‌ಔಟೇ.

ಒಗ್ಗರಣೆ_ಅವಲಕ್ಕಿ

ಇಷ್ಟೆಲ್ಲ ಓದಿದ ಮೇಲೆ ಕೇಳುತ್ತೇನೆ. ಇದು ಕಲಿತರೆ ಕೆಲಸ ಸಿಗುತ್ತದಾ? ಬೆಂಗಳೂರಿನಲ್ಲಿ ಜಾಹೀರಾತು ನೋಡಿದರೆ ಜಾವಾ, ಪೈಥಾನ್, ನೋಡ್. ಎಲಿಕ್ಸರ್ ಕಾಣುವುದು ಅಪರೂಪ.

ಸಾಗರದಾಚೆ

ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಡಿಸ್ಕಾರ್ಡ್ ಎಲಿಕ್ಸರ್ ಬಳಸುತ್ತದೆ. ವಾಟ್ಸ್ಆ್ಯಪ್ ನಿಂತಿರುವುದು ಎರ್ಲಾಂಗ್ ಮೇಲೆ, 2012ರಲ್ಲೇ ಒಂದು ಸರ್ವರ್‌ನಲ್ಲಿ 20 ಲಕ್ಷಕ್ಕೂ ಜಾಸ್ತಿ ಕನೆಕ್ಷನ್ ಹಿಡಿದು ತೋರಿಸಿದ್ದರು.

ಕಡಲೆಕಾಯಿ

ಅವರು 20 ಲಕ್ಷ, ನಾವು ಒಂದಕ್ಕೆ ಎರಡು ರಾತ್ರಿ.

ರಾತ್ರಿಪಾಳಿ

ವಾಪಸ್ ಬಂದೆ. ಬ್ಯಾಡಗಿಯವರ ಮಾತು ಕೇಳಿ ಹಳೇ ಕಂಟೇನರ್ ಒಳಗೆ ಇಣುಕಿದೆ. ಒಳ್ಳೆಯದಾಯಿತು. ಆಗ ಮನೆ ಖರ್ಚಿನ ಲೆಕ್ಕಕ್ಕೆ ಅಂತ ಒಂದು ಟೇಬಲ್ ಮಾಡಿದ್ದೆ. ಹನ್ನೊಂದು ಸಾಲು ಇವೆ. ಕೊನೆಯದು ಗ್ಯಾಸ್ ಸಿಲಿಂಡರ್. ಹೆಂಡತಿಗೆ ತೋರಿಸಿದೆ, 'ಹನ್ನೊಂದು ದಿನ ಲೆಕ್ಕ ಬರೆದಿದ್ದೀರಾ, ದಾಖಲೆ' ಅಂದಳು.

ಅದನ್ನೇ ಎಲಿಕ್ಸರ್‌ನಿಂದ ಓದೋಣ, ಮೊದಲ ಪ್ರಾಜೆಕ್ಟ್ ಅದೇ ಆಗಲಿ ಅಂತ ಸ್ಕೀಮಾ ಬರೆದೆ. ಪಿಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಕಣ್ಣಿಗೆ ಕಾಣುತ್ತಿದೆ. ಡೆವ್.ಇಎಕ್ಸ್‌ಎಸ್‌ನಲ್ಲಿ ಯೂಸರ್, ಪಾಸ್‌ವರ್ಡ್ ಎರಡೂ ಹಾಗೇ ಇವೆ, ಲಾಗಿನ್ ಎರರ್ ಇಲ್ಲ. ಆದರೆ ರೆಪೋ.ಆಲ್ ಕೊಟ್ಟರೆ '42ಪಿ01, ರಿಲೇಶನ್ ಡಸ್ ನಾಟ್ ಎಕ್ಸಿಸ್ಟ್'. ಟೇಬಲ್ ಹೆಸರು ನಾಲ್ಕು ಸಲ ನೋಡಿದೆ, ಸರಿಯಿದೆ. ಇದೇನು ಹೊಸ ಭೂತ?

ಹಳೇಹುಲಿ

ಡೆವ್.ಇಎಕ್ಸ್‌ಎಸ್‌ನಲ್ಲಿ ಪೋರ್ಟ್ ಎಷ್ಟಿದೆ?

ರಾತ್ರಿಪಾಳಿ

5433.

ಅಯ್ಯೋ.